ಮೂರನೇ ಮಾಳಿಗಿ ಮ್ಯಾಲೆ ಕುಲಿಮಿ ಹಚ್ಚೂದು ಹೆಂಗ್ರೀ ಸಾಹೇಬ್ರ?

ನಮ್ಮ ಕ್ಷೇತ್ರದ ಶಾಸಕರಿಗೆ ನಮಸ್ಕಾರ್ರೀ.

ನಾವು ಘಿಸಾಡಿ ಮಂದಿ. ಹುಬ್ಬಳ್ಳಿ ಅಮರಗೋಳ ಎಪಿಎಂಸಿ ಮಾರ್ಕೆಟ್ ಹತ್ರ ರಸ್ತೆ ಬಾಜೂಕ ತಾಡಪತ್ರಿ ಕಟ್ಕೊಂಡು ಕಬ್ಬಿಣ ಕಾಸಿ ಬಡಿಯೋರು. ನಮ್ಮಜ್ಜ ಚಕ್ಕಡ್ಯಾಗ ಸಂಸಾರ ಹೇರ್ಕೊಂಡು ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆ ಊರೂರು ತಿರಗತಿದ್ದ, ಮುಂಗಾರಿಗೆ ಮೊದ್ಲ ರೈತರ ಕುಂಟಿ ಕುಡ ಹಣಿದು ಕೊಟ್ಟು ಜ್ವಾಳ ಇಸ್ಕೊಂಡು ಮುಂದಿನ ಊರಿಗೆ ಹೋಗೂದು. ಟ್ರ್ಯಾಕ್ಟರ್ ಬಂದು ಎತ್ತು ಕಮ್ಮಿ ಆದ್ವು, ಕುಡಗೋಲು ಅಂಗಡ್ಯಾಗ ರೆಡಿ ಸಿಗಾಕ ಹತ್ತಿದ್ವು, ಹಿಂಗಾಗಿ ನಮ್ಮಪ್ಪ ಇಲ್ಲೇ ಡೇರೆ ಹೊಡದ. ಆವಾಗ ಸುತ್ತೆಲ್ಲ ಹೊಲ. ಈಗ ಲೇಔಟು, ಗೋಡೌನು. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿಗೆ ರಸ್ತೆ ಅಗಲ ಮಾಡುವಾಗ ಒಂದ್ಸಲ ಹಿಂದ ಸರದ್ವಿ, ಬಾಜೂಕ ಪ್ಲಾಟ್ ಮಾರಾಟ ಆದಾಗ ಇನ್ನೊಂದ್ಸಲ.

ಈಗ ಸರ್ಕಾರದವರು ನಮಗ ಫ್ಲ್ಯಾಟ್ ಕೊಡ್ತೀವಿ ಅಂತಾರ, ಮೂರನೇ ಮಾಳಿಗಿ. ಮನಿ ಬ್ಯಾಡ ಅನ್ನಾಂಗಿಲ್ರೀ, ಮಳಿಗಾಲದಾಗ ಮಕ್ಕಳನ್ನ ತೊಡಿ ಮ್ಯಾಲೆ ಹಾಕ್ಕೊಂಡು ರಾತ್ರಿ ಕಳಿಯೋದು ನಮಗ ಗೊತ್ತು. ಆದ್ರ ಇದ್ದಲಿ ಒಲಿ, ಅಡಿಗಲ್ಲು ಅಲ್ಲಿ ಎಲ್ಲಿ ಇಡೂದು? ಅಪ್ಪ ಇಕ್ಕಳದಾಗ ಹಿಡದ್ರ ಅವ್ವ ಘಣ, ಅಂದ್ರ ದೊಡ್ಡ ಸುತ್ತಿಗಿ, ಎತ್ತಿ ಬಡೀತಾಳ, ನಮ್ಮ ಕಡೆ ಹೆಣ್ಮಕ್ಕಳೇ ಘಣ ಹೊಡಿಯೋದು, ಆ ಪೆಟ್ಟಿಗೆ ಕೆಳಗಿನ ಮನಿಯವರು ಸುಮ್ಮನಿರತಾರೇನು? ಗಿರಾಕಿ ಇರೋದೂ ಇಲ್ಲೇ. ಮಾಲು ತಂದ ರೈತ ಕೊಡ್ಲಿ ಕೊಟ್ಟು ಹೋಗತಾನ, ಬಿಲ್ಡಿಂಗ್ ಕೆಲಸದವರು ಛೀಣಿ ಚೂಪು ಮಾಡಸ್ತಾರ, ಎಳನೀರಿನವರ ಕತ್ತಿ.

ಭೂ ಕಂದಾಯ ಕಾಯ್ದೆ 94ಸಿಸಿ ಒಳಗ ಅರ್ಜಿ ಹಾಕ್ರಿ ಅಂತಾರ, ಅದು ಸರ್ಕಾರಿ ಜಾಗದಾಗ ಮನಿ ಕಟ್ಕೊಂಡೋರಿಗೆ ಇರೋದು, ನಮ್ಮದು ತಾಡಪತ್ರಿ.

ಕೇಳದ ಜಾಗ ತೋರಸೂದು ಹುಬ್ಬಳ್ಳಿಗೆ ಹೊಸಾದಲ್ರೀ. ಬ್ರಿಟಿಷರು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಅಲೆಮಾರಿ ಜಾತಿಗಳನ್ನ ಹುಟ್ಟಾ ಕಳ್ಳರು ಅಂದ್ರು, ಎಷ್ಟೋ ಕುಟುಂಬ ಇಲ್ಲಿ ಸೆಟ್ಲಮೆಂಟ್ ಅನ್ನೋ ಕಾವಲಿನ ವಸತ್ಯಾಗ ಇಟ್ಟಿದ್ರು, 1952ರಾಗ ಆ ಕಾಯ್ದೆ ಹೋತು, ಏರಿಯಾಕ್ಕ ಸೆಟ್ಲಮೆಂಟ್ ಅನ್ನೋ ಹೆಸರು ಮಾತ್ರ ಹಂಗ ಉಳೀತು. ಎಲ್ಲಿರತೀರಿ ಅಂತ ಆವಾಗ ಅವರನ್ನ ಯಾರೂ ಕೇಳಲಿಲ್ಲ. ನಮ್ಮನ್ನೂ ಕೇಳಿಲ್ಲ.

ನೆಲಕ್ಕ ಹತ್ತಿದ ಮನಿ ಕೊಡ್ರಿ, ಸಣ್ಣದಿದ್ರೂ ನಡೀತೈತಿ. ಜಾಗ ಸಾಲಲ್ಲ ಅಂದ್ರ ಫ್ಲ್ಯಾಟ್ ಕೊಡ್ರಿ, ಎಪಿಎಂಸಿ ಹತ್ರ ಎಲ್ಲಾರಿಗೂ ಕೂಡಿ ಒಂದು ತಗಡಿನ ಶೆಡ್ ಹಾಕ್ಸಿ ಕೊಡ್ರಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೇ ಮಾಡಿ ನಮ್ಮ ಹೆಂಗಸರ ಹೆಸರಿಗೂ ವ್ಯಾಪಾರದ ಕಾರ್ಡ್ ಕೊಡಸ್ರಿ, ಮಾಡಿದ್ದನ್ನ ಸಂತಿಗೆ ಒಯ್ದು ಮಾರೋರು ಅವರೇ.

ಫ್ಲ್ಯಾಟಿನ ಲಿಸ್ಟ್ ಫೈನಲ್ ಆಗೂಕಿಂತ ಮೊದ್ಲ ಒಂದ್ಸಲ ಬರ್ರಿ ಸಾಹೇಬ್ರ. ಮುಂಜಾನೆ ಎಂಟಕ್ಕ ಕುಲಿಮಿ ಹಚ್ಚಿರತೀವಿ.