ಕೊಯ್ದು ನೋಡು, ಪುಟ್ಟಿ

ಪ್ರೀತಿಯ ಪುಟ್ಟಿ,

ಹೋದ ವಾರ ನಿನ್ನ ರೂಮಿಗೆ ಬಂದಾಗ ಫ್ರಿಜ್ ತೆಗೆದೆ. ಸ್ಟಿಕರ್ ಅಂಟಿಸಿದ ನಾಲ್ಕು ಸೇಬು, ಅರ್ಧ ಬೀಟ್ರೂಟ್. "ರಕ್ತ ಕಡಿಮೆ ಇದೆ ಅಂದರಲ್ಲ ಅಪ್ಪ, ಅದಕ್ಕೇ ಕೆಂಪಗಿರೋದನ್ನೇ ತಿನ್ನುತ್ತಿದ್ದೇನೆ" ಅಂದೆ. ನಾನು ಏನೂ ಹೇಳಲಿಲ್ಲ. ಹಿಮೋಗ್ಲೋಬಿನ್ 9.5 ಅಂತಿದ್ದ ಆ ರಿಪೋರ್ಟು ಮೇಜಿನ ಮೇಲೇ ಇತ್ತು. ಬಸ್ಸು ಗುಬ್ಬಿ ತಲುಪುವವರೆಗೂ ಅದೇ ಯೋಚನೆ.

ಕೆಂಪಗಿದ್ದರೆ ರಕ್ತ ಆಗುತ್ತದೆ ಅಂತ ನಿನಗೆ ಹೇಳಿಕೊಟ್ಟವರು ನಾವೇ. ಅದು ತಪ್ಪು ಕಣಮ್ಮ. ಬೀಟ್ರೂಟಿನ ಕೆಂಪು ಬರೀ ಬಣ್ಣ, ರಕ್ತ ಆಗೋಕೆ ಬೇಕಾದ ಕಬ್ಬಿಣ ಅಲ್ಲ. 100 ಗ್ರಾಂ ಬೀಟ್ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಸೇಬಿನಲ್ಲಿ ಇನ್ನೂ ಕಡಿಮೆ. ಅದಕ್ಕಿಂತ ಜಾಸ್ತಿ ನಿನ್ನ ಬೀದಿ ಕೊನೆಯಲ್ಲಿ ಕೂರುವ ಸೊಪ್ಪಿನ ಅಜ್ಜಿಯ ಬುಟ್ಟಿಯಲ್ಲಿದೆ. ದಂಟು, ನುಗ್ಗೆಸೊಪ್ಪು, ಸಿಕ್ಕರೆ ಹೊನಗೊನೆ. ಸುಮ್ನೆ ಪಾಲಕ್ ಒಂದನ್ನೇ ಹಿಡಿದುಕೊಳ್ಳಬೇಡ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಜಾಸ್ತಿ, ಅದಕ್ಕೇ ಅದರ ಕ್ಯಾಲ್ಸಿಯಂ ಮೈಗೆ ಹತ್ತುವುದು ಕಡಿಮೆ. ನುಗ್ಗೆಸೊಪ್ಪಿನಲ್ಲಿ ಹಾಲಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ.

ಆದರೆ ಸೊಪ್ಪಿನ ಕಬ್ಬಿಣ ತಾನಾಗಿ ಪೂರ್ತಿ ಮೈಗೆ ಸೇರುವುದಿಲ್ಲ. ಜೊತೆಗೆ ವಿಟಮಿನ್ ಸಿ ಬೇಕು. ಇಲ್ಲೇ ನನಗೆ ಹೊಟ್ಟೆ ಉರಿಯುವುದು. ನಿನಗೆ ಜ್ವರ ಬಂದಾಗಲೆಲ್ಲ ದುಡ್ಡು ಕೊಟ್ಟು ಪೇಟೆಯಿಂದ ಸೇಬು ತರುತ್ತಿದ್ದೆ. ಆ ಚೀಲ ಹಿಡಿದು ಹಿತ್ತಲ ಸೀಬೆಮರದ ಕೆಳಗೇ ನಡೆದು ಬರುತ್ತಿದ್ದೆ. ಅಳಿಲು ಕಚ್ಚಿ ಬೀಳಿಸಿದ ಹಣ್ಣು ಕಾಲಿಗೆ ಸಿಗುತ್ತಿದ್ದವು. 100 ಗ್ರಾಂ ಸೀಬೆಯಲ್ಲಿ ವಿಟಮಿನ್ ಸಿ 200 ಮಿಲಿಗ್ರಾಂ ಮೇಲಿದೆ. ಸೇಬಿನಲ್ಲಿ 5 ಕೂಡ ದಾಟುವುದಿಲ್ಲ. ಆಗ ಯಾರಾದರೂ ನನಗೆ ಹೇಳಬಾರದಿತ್ತಾ ಅನ್ನಿಸುತ್ತದೆ.

ಸೀಬೆಯಲ್ಲೂ ಜಾತಿ ಇದೆ. ಒಳಗೆ ಬಿಳಿ ಇದ್ದರೂ ವಿಟಮಿನ್ ಸಿಗೆ ಮೋಸವಿಲ್ಲ. ಗುಲಾಬಿ ಇದ್ದರೆ ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪಿನ್ ಕೂಡ ಸಿಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ 'ಅರ್ಕಾ ಕಿರಣ್' ಅಂಥದ್ದು. ನಮ್ಮ ಚೇಳೂರಿನ 'ಸಿದ್ದು' ತಳಿಯ ಹಲಸಿನ ತೊಳೆ ನೆನಪಿದೆಯಾ, ತಾಮ್ರದ ಚೊಂಬಿನ ಬಣ್ಣದ್ದು? ಅದರಲ್ಲೂ ಲೈಕೋಪಿನ್ ಮಾಮೂಲಿ ಹಲಸಿಗಿಂತ ಬಹಳ ಜಾಸ್ತಿ. ಅದಕ್ಕೇ ಹೇಳೋದು, ಹಣ್ಣಿನ ಹೆಸರು ಒಂದೇ ಆದರೂ ಒಳಗಿರುವುದು ಒಂದೇ ಅಲ್ಲ. ಹೊರಗಿನ ಹೊಳಪು ಬಿಡು, ಕೊಯ್ದು ನೋಡು.

ಗೆಣಸು ತಗೊಳ್ಳುವಾಗ ತುದಿಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡು. ತೊಗಟೆ ಕೆಂಪಗಿದ್ದರೂ ಸಾಮಾನ್ಯವಾಗಿ ಒಳಗೆ ಬೆಳ್ಳಗಿರುತ್ತದೆ, ಹಾಲು ಜಿನುಗುತ್ತದೆ. ಕ್ಯಾರೆಟ್ಟಿನ ಹಾಗೆ ಕಿತ್ತಳೆ ಬಣ್ಣ ಕಂಡರೆ ಬಿಡಬೇಡ. ಆ ಬಣ್ಣದಿಂದಲೇ ಮೈ ವಿಟಮಿನ್ ಎ ಮಾಡಿಕೊಳ್ಳುತ್ತದೆ, ಬಿಳಿ ಗೆಣಸಿನಲ್ಲಿ ಅದು ಇಲ್ಲ ಅಂದರೂ ಸರಿ. ಎಲೆಕೋಸಿನ ಹೊರಗಿನ ಹಸಿರು ಎಲೆಯನ್ನೂ ಎಸೆಯಬೇಡ, ತೊಳೆದು ಪಲ್ಯಕ್ಕೆ ಹಾಕು.

ಸೀಬೆ ಸಿಪ್ಪೆ ತೆಗೆಯಬೇಡ, ಸಿಪ್ಪೆ ಹತ್ತಿರವೇ ವಿಟಮಿನ್ ಸಿ ಜಾಸ್ತಿ. ಊಟದ ಜೊತೆಗೇ ಉಪ್ಪು ಖಾರ ಹಾಕಿ ನಾಲ್ಕು ಹೋಳು ತಿನ್ನು. ಸೊಪ್ಪಿನ ಪಲ್ಯ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡು, ಒಲೆಯ ಮೇಲಿದ್ದಾಗ ಬೇಡ. ಊಟ ಆದ ತಕ್ಷಣ ಕಾಫಿ ಕುಡಿಯುತ್ತೀಯಲ್ಲ, ಅದನ್ನು ಒಂದೆರಡು ಗಂಟೆ ತಳ್ಳು. ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತದೆ ಅದು. ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡ.

ಶುಕ್ರವಾರ ಬೆಳಗಿನ ಬಸ್ಸಿಗೆ ಒಂದು ಚೀಲ ಕಳಿಸುತ್ತೇನೆ. ನುಗ್ಗೆಸೊಪ್ಪನ್ನು ಅಮ್ಮ ರಾತ್ರಿಯೇ ಬಿಡಿಸಿ ಪೇಪರಿನಲ್ಲಿ ಸುತ್ತಿಡುತ್ತಾಳೆ. ಬಾಡುವ ಮುಂಚೆ, ಅವತ್ತೇ ಮಾಡು. ಕೆಳಗಡೆ ಹನ್ನೆರಡು ಸೀಬೆ ಇರುತ್ತವೆ, ಮೂರು ಇನ್ನೂ ದೋರೆ. ಅವನ್ನು ಕೊನೆಗೆ ತಿನ್ನು.

ನಿನ್ನ
ಅಪ್ಪ