ಬಿಳಿ ಒಂದರಲ್ಲಿ ನುಡಿದ ಸ್ಯಾಕ್ಸೊಫೋನ್

ಕಳೆದ ರವಿವಾರ ಶಹಾಪುರದ ನಮ್ಮ ಗಲ್ಲಿಯ ಭಜನೆಯಲ್ಲಿ ಹಾರ್ಮೋನಿಯಂ, ತಬಲಾಗಳ ಜೊತೆ ಕುಳಿತು ಸ್ಯಾಕ್ಸೊಫೋನ್ ನುಡಿಸಿದೆ. ಭೂಪ ರಾಗದಲ್ಲಿ ಒಂದು ವಚನ, ಅಷ್ಟೇ. ಕೇಳಿದವರು ನನ್ನನ್ನು ಹೊಗಳಿದರು. ಆ ಹೊಗಳಿಕೆ ಸಲ್ಲಬೇಕಾದವರು ಬೇರೆ ಇದ್ದಾರೆ. ಅವರಿಗೆ ಎಲ್ಲರೆದುರು ಕೈಮುಗಿಯಲೆಂದೇ ಇದನ್ನು ಬರೆಯುತ್ತಿದ್ದೇನೆ.

ವಾದ್ಯ ಸಿಕ್ಕಿದ್ದು ಬೆಳಗಾವಿಯ ಒಂದು ಗುಜರಿ ಅಂಗಡಿಯಲ್ಲಿ, ಹಳೆಯ ಹಿತ್ತಾಳೆಯ ತೂಕದ ಬೆಲೆಗೆ. ಮೈಯೆಲ್ಲ ಕಪ್ಪು, ರಂಧ್ರ ಮುಚ್ಚುವ ಪ್ಯಾಡುಗಳ ಚರ್ಮ ಹುಳ ತಿಂದಿತ್ತು, ಊದುವ ಮೌತ್‌ಪೀಸ್ ಇರಲೇ ಇಲ್ಲ. ಅರಳಿದ ಬಾಯಿಯ ಮೇಲೆ ಕೆತ್ತಿದ್ದ ಹೆಸರು ಅರ್ಧ ಸವೆದಿತ್ತು. ಉಳಿದ ಅಕ್ಷರಗಳು ಯಾವ ತಯಾರಕರಿಗೂ ಹೊಂದುತ್ತಿರಲಿಲ್ಲ. ಸ್ಯಾಕ್ಸೊಫೋನಿನ ಸಾಮಾನ್ಯ ಬಗೆಗಳಲ್ಲಿ ಆಲ್ಟೊಗಿಂತ ದೊಡ್ಡದು, ಟೆನರ್‌ಗಿಂತ ಚಿಕ್ಕದು. ಇದಕ್ಕೆ ದುಡ್ಡು ಸುರಿಯಬೇಡ ಎಂದವರೇ ಹೆಚ್ಚು.

ಮೊದಲು ಕೈಹಿಡಿದವರು ಪತ್ತಾರ ಕಾಕಾ. ಬೆರಳಿನಿಂದ ಒತ್ತುವ ಕೀಲಿಯೊಂದರ ಮೂಲೆಯನ್ನು ಬಟ್ಟೆಯಿಂದ ಒರೆಸಿ ನೋಡಿ, ‘ಇದು ಕೊಳೆ ಅಲ್ಲ, ಬೆಳ್ಳಿಯ ಕಪ್ಪು’ ಎಂದರು. ಹಿತ್ತಾಳೆಯ ಮೇಲೆ ಬೆಳ್ಳಿಯ ಲೇಪ. ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಕಪ್ಪಾಗಿತ್ತು. ಪಾಲಿಶ್ ಪುಡಿ ಹಚ್ಚಲು ಅವರು ಬಿಡಲಿಲ್ಲ. ಲೇಪ ತೆಳ್ಳಗಿರುತ್ತದೆ, ಉಜ್ಜಿದರೆ ಕೆತ್ತನೆಯೂ ಹೋಗುತ್ತದೆ ಎಂದು ಹೇಳಿ, ಅಂಟುವಾಳದ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಬೆಳಗಿಸಿಕೊಟ್ಟರು. ಆಗ ಬೆನ್ನಿನ ಮೇಲೆ, ಹೆಬ್ಬೆರಳು ಊರುವ ಜಾಗದ ಕೆಳಗೆ, ಒಂದರ ಕೆಳಗೊಂದು ಒತ್ತಿದ ಸಾಲುಗಳು ಕಂಡವು: 1914ರ ಡಿಸೆಂಬರ್ 8ರ ಪೇಟೆಂಟ್, ಅದರ ಸಂಖ್ಯೆ 1119954, ಆಮೇಲೆ ‘ಸಿ’, ಕ್ರಮಸಂಖ್ಯೆ, ಕೊನೆಗೆ ‘ಎಲ್’.

ಆ ‘ಸಿ’ಯ ಗುಟ್ಟು ಬಿಡಿಸಿದವರು ನಮ್ಮ ಹಾರ್ಮೋನಿಯಂ ಗುರುಗಳು. ಅವರು ಸ್ಯಾಕ್ಸೊಫೋನ್ ಮುಟ್ಟಿದವರಲ್ಲ. ಮೇಲಿನ ಕೆಲವು ಪ್ಯಾಡುಗಳನ್ನು ಕೂರಿಸಿ, ಎರವಲು ತಂದ ಟೆನರ್ ಮೌತ್‌ಪೀಸ್ ಹಾಕಿ, ಎಡಗೈಯ ನಡುಬೆರಳನ್ನು ಮಾತ್ರ ಒತ್ತಿ ಊದಿದೆ. ಇದೇ ಹಿಡಿತಕ್ಕೆ ಆಲ್ಟೊ ಆಗಿದ್ದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ಅಂದರೆ ಕಪ್ಪು ಎರಡು, ಟೆನರ್ ಆಗಿದ್ದರೆ ಕಪ್ಪು ಐದು ಕೂಡಬೇಕು. ಗುರುಗಳ ಬೆರಳು ಬಿಳಿ ಒಂದರ ಮೇಲೆ, ಅಂದರೆ ‘ಸಿ’ ಸ್ವರದ ಮನೆಯ ಮೇಲೆ, ನಿಂತಿತು. ಅಲ್ಲಿಗೆ ತಿಳಿಯಿತು, ಇದು ಸಿ ಮೆಲೊಡಿ ಸ್ಯಾಕ್ಸೊಫೋನ್. ಪಿಯಾನೊದ ಸ್ವರಲಿಪಿಯನ್ನು ಬದಲಿಸದೆ ಹಾಗೆಯೇ ನುಡಿಸಬಹುದೆಂದು 1920ರ ದಶಕದಲ್ಲಿ ಅಮೆರಿಕದ ಮನೆಮನೆಗಳಿಗೆ ಮಾರಿದ ವಾದ್ಯ ಅದು. 1930ರ ಹೊತ್ತಿಗೆ ತಯಾರಿಕೆ ಬಹುತೇಕ ನಿಂತೇ ಹೋಯಿತು. ಇಂದಿಗೂ ಅಗ್ಗಕ್ಕೆ ಸಿಗುವುದು ಅದಕ್ಕೇ. ಬಿಳಿ ಒಂದರಲ್ಲಿ ಹಾಡುವ ನಮ್ಮ ಮಂಡಳಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ?

‘ಎಲ್’ ಎಂದರೆ ಲೋ ಪಿಚ್, ಈಗಿನ 440 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 440 ಕಂಪನಗಳ ಶ್ರುತಿ. ಹೈ ಪಿಚ್, ಅಂದರೆ ಸುಮಾರು 457ರದ್ದಾಗಿದ್ದರೆ ಹಾರ್ಮೋನಿಯಂ ಜೊತೆ ಎಂದೂ ಕೂಡುತ್ತಿರಲಿಲ್ಲ. ಇನ್ನು ಬಾಯಿಯ ಮೇಲಿನ ಹೆಸರು ಮಾರಿದ ಅಂಗಡಿಯದು. ಆ ಕಾಲದಲ್ಲಿ ಇಂಡಿಯಾನಾದ ಎಲ್ಕಾರ್ಟ್ ಊರಿನ ಕಾರ್ಖಾನೆಗಳು ವ್ಯಾಪಾರಿಗಳು ಕೇಳಿದ ಹೆಸರನ್ನು ಕೆತ್ತಿಕೊಡುತ್ತಿದ್ದವು. ಪೇಟೆಂಟ್ ಸಂಖ್ಯೆ, ಅಕ್ಷರಗಳನ್ನು ಜೋಡಿಸಿದ ಕ್ರಮ ಎರಡೂ ಅಲ್ಲಿನ ಕಾನ್ ಕಂಪನಿಯ ವಾದ್ಯಗಳನ್ನೇ ಹೋಲುತ್ತವೆ. ಇದನ್ನು ಹೊಂದಿಸಿ ತೋರಿಸಿದವರು ಕ್ಯಾಂಪ್ ಪ್ರದೇಶದ ಸುಬೇದಾರ ಕಾಕಾ, ಸೇನೆಯ ಬ್ಯಾಂಡಿನಲ್ಲಿ ನುಡಿಸಿ ನಿವೃತ್ತರಾದವರು.

ದುರಸ್ತಿಯ ಕೆಲಸವನ್ನೂ ಅವರೇ ಕಲಿಸಿದರು. ಕತ್ತಲ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ದೀಪ ಇಳಿಸಿ, ಕೀಲಿ ಮುಚ್ಚಿದಾಗ ಬೆಳಕು ಎಲ್ಲಿ ಸೋರುತ್ತದೆ ನೋಡಬೇಕು. ತೆಳು ಕಾಗದದ ಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು ಮೆಲ್ಲಗೆ ಎಳೆಯಬೇಕು. ಸುತ್ತಲೂ ಒಂದೇ ಬಿಗಿ ಸಿಗುವವರೆಗೆ ಪ್ಯಾಡ್ ಕೂತಿಲ್ಲವೆಂದೇ ಅರ್ಥ. ಪ್ಯಾಡನ್ನು ಕೀಲಿಯ ಬಟ್ಟಲಿಗೆ ಅಂಟಿಸುವುದು ಅರಗಿನಿಂದ. ಒಡವೆಯನ್ನು ಕೆತ್ತುವಾಗ ಅಲುಗದಂತೆ ಹಿಡಿಯಲು ಪತ್ತಾರರು ಬಳಸುವುದೂ ಅರಗನ್ನೇ. ಎಷ್ಟು ಕಾಯಿಸಿದರೆ ಅದು ಮೆತ್ತಗಾಗುತ್ತದೆ, ಎಲ್ಲಿಗೆ ಸುಡುತ್ತದೆ ಎಂಬುದು ಪತ್ತಾರ ಕಾಕಾ ಅವರ ಕೈಗೆ ಗೊತ್ತಿತ್ತು. ಅವರಿಬ್ಬರನ್ನು ಒಂದೇ ಮೇಜಿನ ಮುಂದೆ ಕೂರಿಸಿದ್ದು ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಭಾಗ್ಯ.

ಉದ್ಯಮಬಾಗದ ಲೇತ್ ಕಾರ್ಖಾನೆಯ ಅಣ್ಣ ಕಳೆದುಹೋದ ತಿರುಪನ್ನು ಮಾಡಿಕೊಟ್ಟು ಹಣ ಮುಟ್ಟಲಿಲ್ಲ. ಮುರಿದ ಸ್ಪ್ರಿಂಗಿಗೆ ಪಕ್ಕದ ಮನೆಯ ವೈನಿ ಕೊಟ್ಟ ಹೊಲಿಗೆಯ ಸೂಜಿಯೇ ಕೂತಿದೆ. ರಾತ್ರಿಯ ಅಪಸ್ವರಗಳನ್ನು ಸಹಿಸಿದ ಇಡೀ ಗಲ್ಲಿಗೆ ನನ್ನ ನಮಸ್ಕಾರ.

ಕದ್ರಿ ಗೋಪಾಲನಾಥರಂಥವರು ಈ ವಾದ್ಯದಲ್ಲಿ ಗಮಕ ನುಡಿಸಿ ತೋರಿಸಿದ ನಾಡಿನಲ್ಲಿ ಒಂದು ಸ್ಯಾಕ್ಸೊಫೋನ್ ಕುಲುಮೆಗೆ ಹೋಗಬಾರದಿತ್ತು. ಹೋಗದಂತೆ ತಡೆದವರು ನೀವೆಲ್ಲ.

ಕೆಳಗಿನ ಸ್ವರಗಳು ಇನ್ನೂ ತೊದಲುತ್ತವೆ. ಮೀರತ್‌ನಿಂದ ದೊಡ್ಡ ಪ್ಯಾಡುಗಳು ಬಂದ ಮೇಲೆ ಸುಬೇದಾರ ಕಾಕಾ ಮತ್ತೆ ಬಂದು ಕೂರುವುದಾಗಿ ಹೇಳಿದ್ದಾರೆ. ಅರಗು ಕಾಯಿಸುವ ದೀಪವನ್ನು ಅಲ್ಲಿಯವರೆಗೆ ನನ್ನ ಬಳಿಯೇ ಬಿಟ್ಟಿರುವುದಕ್ಕೆ ಪತ್ತಾರ ಕಾಕಾ ಅವರಿಗೆ ಇನ್ನೊಂದು ಧನ್ಯವಾದ.