ಫ್ಲೋ ಸೈಟೋಮೀಟರ್ ಟೆಂಡರಿಗೆ ಸಹಿ ಹಾಕುವ ಮುನ್ನ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ನಮಸ್ಕಾರಗಳು. ಸರ್ಕಾರಿ ಆಸ್ಪತ್ರೆಯ ಹೆಮಟಾಲಜಿ (ರಕ್ತರೋಗ) ಲ್ಯಾಬಿಗೆ ರಕ್ತಕೋಶಗಳ ಬಗೆ ಗುರುತಿಸುವ ಫ್ಲೋ ಸೈಟೋಮೀಟರ್ ಕೊಳ್ಳುವ ಕಡತ ತಮ್ಮ ಮೇಜಿಗೆ ಬಂದರೆ ಅದರಲ್ಲಿ ಎದ್ದು ಕಾಣುವುದು ಯಂತ್ರದ ಬೆಲೆ. ಒಬ್ಬ ರೋಗಿಯ ವರದಿ ಹೊರಡಿಸಲು ಎಷ್ಟು ಖರ್ಚು ಎಂಬ ಲೆಕ್ಕವನ್ನೂ ಅದೇ ಕಡತದಲ್ಲಿ ಕೇಳಿ ಎಂಬುದು ನಮ್ಮ ಮನವಿ.

ಬ್ಲಡ್ ಕ್ಯಾನ್ಸರ್ ಮೈಲಾಯ್ಡೋ ಲಿಂಫಾಯ್ಡೋ, ಬಿ ಕೋಶದ್ದೋ ಟಿ ಕೋಶದ್ದೋ ಎನ್ನುವುದರ ಮೇಲೆ ಕೀಮೋ ನಿರ್ಧಾರವಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಅವು ಎಷ್ಟೋ ಸಲ ಒಂದೇ ಥರ ಕಾಣುತ್ತವೆ. ಲೇಸರ್ ಬಿದ್ದರೆ ಹೊಳೆಯುವ ಬಣ್ಣದ ಆಂಟಿಬಾಡಿ ಅಂಟಿಸಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸುವ ಈ ಯಂತ್ರ ಅದೇ ದಿನ ಉತ್ತರ ಕೊಡಬಲ್ಲದು.

ಎಚ್‌ಐವಿ ರೋಗಿಗಳ ಸಿಡಿ4 (ರೋಗನಿರೋಧಕ ಕೋಶ) ಎಣಿಕೆಗೆ ಒಮ್ಮೆಗೆ ಎರಡು ಅಥವಾ ನಾಲ್ಕು ಬಣ್ಣ ಓದುವ ಯಂತ್ರ ಸಾಕು. ಲುಕೇಮಿಯಾಕ್ಕೆ, ಅಂದರೆ ಬ್ಲಡ್ ಕ್ಯಾನ್ಸರಿಗೆ ಸಾಲದು. ಯುರೋಪಿನ ಯೂರೋಫ್ಲೋ ಸಂಶೋಧಕರ ತಂಡ ರೂಪಿಸಿದ ಆಂಟಿಬಾಡಿ ಪ್ಯಾನಲ್‌ಗಳೇ 8 ಬಣ್ಣದವು. ಬಣ್ಣ ಕಡಿಮೆಯಾದಷ್ಟೂ ಟ್ಯೂಬ್ ಹೆಚ್ಚುತ್ತದೆ, ಪ್ರತಿ ಟ್ಯೂಬಿಗೂ ಬಿಳಿ ರಕ್ತಕಣ ಗುರುತಿಸುವ ಸಿಡಿ45 ಆಂಟಿಬಾಡಿ ಮತ್ತೆ ಹಾಕಬೇಕು. ಪುಟ್ಟ ಮಗುವಿನಿಂದ ತೆಗೆದ ಒಂದು ಎಂಎಲ್ ಬೋನ್ ಮ್ಯಾರೋ ಅಷ್ಟಕ್ಕೆಲ್ಲ ಸಾಲುವುದಿಲ್ಲ. 488 ನ್ಯಾನೋಮೀಟರಿನ ನೀಲಿ, 640ರ ಆಸುಪಾಸಿನ ಕೆಂಪು, 405ರ ನೇರಳೆ, ಹೀಗೆ ಮೂರು ಲೇಸರ್ ಮತ್ತು 10 ಬಣ್ಣ ಇರಲಿ. ಇದಕ್ಕೂ ದೊಡ್ಡ ಸಂಶೋಧನಾ ಯಂತ್ರ ಬೇಡ. ಬಣ್ಣ ಹೆಚ್ಚಿದಂತೆ ಒಂದರ ಬೆಳಕು ಇನ್ನೊಂದರೊಳಗೆ ಸೋರುವುದೂ ಹೆಚ್ಚುತ್ತದೆ. ಅದನ್ನು ದಿನವೂ ಸರಿದೂಗಿಸಲು ಪಳಗಿದ ಕೈ ಬೇಕು.

ಸ್ಪೆಸಿಫಿಕೇಶನ್‌ನಲ್ಲಿ ಬಿಟ್ಟುಹೋಗುವ ಒಂದು ಅಂಶವೆಂದರೆ ಕ್ಯಾರಿಓವರ್, ಅಂದರೆ ಹಿಂದಿನ ಟ್ಯೂಬಿನ ಕೋಶಗಳು ಮುಂದಿನದಕ್ಕೆ ದಾಟುವುದು. ಚಿಕಿತ್ಸೆಯ ನಂತರ ಉಳಿದ ಕ್ಯಾನ್ಸರ್ ಹುಡುಕುವ ಎಂಆರ್‌ಡಿ ಪರೀಕ್ಷೆಯಲ್ಲಿ 10,000 ಕೋಶಕ್ಕೆ ಒಂದು, ಅಂದರೆ ಶೇ 0.01 ಇದ್ದರೂ ಹಿಡಿಯಬೇಕು. 5 ಲಕ್ಷ ಕೋಶ ಓಡಿಸಿದರೆ ಆ ಮಟ್ಟದಲ್ಲಿ ಸಿಗುವುದು ಬರೀ 50. ಈಗ ಹಿಂದಿನ ಟ್ಯೂಬಿನಲ್ಲಿ ಶೇ 90 ಬ್ಲಾಸ್ಟ್ (ಕ್ಯಾನ್ಸರಿನ ಎಳೆ ಕೋಶ) ಇದ್ದು, ಅದರಲ್ಲಿ ಶೇ 0.1ರಷ್ಟು ಮುಂದಿನದಕ್ಕೆ ದಾಟಿತು ಅನ್ನಿ. ಎರಡರಲ್ಲೂ ಕೋಶಗಳ ಸಾಂದ್ರತೆ ಒಂದೇ ಆಗಿದ್ದರೆ, ಕಾಯಿಲೆ ಪೂರ್ತಿ ವಾಸಿಯಾದ ಮಗುವಿನ ಟ್ಯೂಬಿನಲ್ಲೂ ಶೇ 0.09 ಕಾಣುತ್ತದೆ, ಮಿತಿಯ ಒಂಬತ್ತು ಪಟ್ಟು! ಆ ಮಗುವಿಗೆ ಬೇಡದ ಕೀಮೋ ಹೋಗಬಹುದು. ಆದ್ದರಿಂದ ಡೆಮೊ ದಿನ ಕಂಪನಿಯವರು ಬ್ಲಾಸ್ಟ್ ತುಂಬಿದ ಸ್ಯಾಂಪಲ್ ಓಡಿಸಿ, ಬೆನ್ನಿಗೇ ಕೋಶವಿಲ್ಲದ ಬಫರ್ ದ್ರವದ ಟ್ಯೂಬ್ ಇಟ್ಟು ಎಣಿಸಿ ತೋರಿಸಲಿ.

ಆಂಟಿಬಾಡಿಗೆ ಬರೋಣ. ಆಂಟಿಬಾಡಿಗೆ ಹಚ್ಚುವ ಪಿಇ-ಸೈ7, ಎಪಿಸಿ-ಸೈ7 ಮೊದಲಾದ, ಎರಡನ್ನು ಬೆಸೆದ ಜೋಡಿ ಬಣ್ಣಗಳು ಬೆಳಕು, ಬಿಸಿ ತಾಗಿದರೆ ಒಡೆಯುತ್ತವೆ. ಒಡೆದಾಗ ಪಿಇ, ಎಪಿಸಿ ಚಾನಲ್‌ಗಳಲ್ಲಿ ಇಲ್ಲದ ಸಿಗ್ನಲ್ ಬರುತ್ತದೆ. ವಯಲ್‌ಗಳು 2ರಿಂದ 8 ಡಿಗ್ರಿಯಲ್ಲಿ, ಕತ್ತಲಲ್ಲಿ ಇರಬೇಕು. ಫ್ರೀಜರಿಗೆ ಹಾಕಿದರೂ ಕೆಡುತ್ತವೆ. ವರ್ಷದ ಸ್ಟಾಕನ್ನು ಒಟ್ಟಿಗೆ ತರಿಸಿದರೆ ಬಳಕೆ ಕಡಿಮೆ ಇರುವವು ಎಕ್ಸ್‌ಪೈರಿ ದಾಟುತ್ತವೆ. ಮೂರು ತಿಂಗಳಿಗೊಮ್ಮೆ ಸರಬರಾಜು ಎಂದು ಷರತ್ತಿರಲಿ. ಬೇರೆ ಕಂಪನಿಯ ಆಂಟಿಬಾಡಿಯನ್ನೂ ಯಂತ್ರ ಒಪ್ಪಬೇಕು, ಫೈಲುಗಳು ಎಫ್‌ಸಿಎಸ್ ಎಂಬ, ಬೇರೆ ಕಂಪನಿಯ ಸಾಫ್ಟ್‌ವೇರ್ ಕೂಡ ಓದಬಲ್ಲ ರೂಪದಲ್ಲಿ ಹೊರಬರಬೇಕು. ಇಲ್ಲದಿದ್ದರೆ ಮೊದಲ ವರ್ಷದ ರಿಯಾಯಿತಿ ಮುಗಿದ ಮೇಲೆ ಕಂಪನಿ ಹೇಳಿದ ದರ ಕೊಡುವುದೊಂದೇ ದಾರಿ.

ಕೋಣೆಗೆ ದಿನವಿಡೀ ಎಸಿ, ಆನ್‌ಲೈನ್ ಯುಪಿಎಸ್ ಬೇಕು. ಉಷ್ಣತೆ ಏರುಪೇರಾದರೆ ಲೇಸರಿನ ಹೊಂದಾಣಿಕೆ ತಪ್ಪಿ ಯಂತ್ರ ಸರಿಯಿದೆಯೇ ಎಂದು ಪುಟ್ಟ ಮಣಿಗಳನ್ನು ಓಡಿಸಿ ನೋಡುವ ಬೆಳಗಿನ ಬೀಡ್ಸ್ ಪರೀಕ್ಷೆಯೇ ಫೇಲಾಗುತ್ತದೆ. ರಕ್ತ ಬೆರೆತ ತ್ಯಾಜ್ಯದ ಕ್ಯಾನಿಗೆ ಹೈಪೋಕ್ಲೋರೈಟ್ ಮೊದಲೇ ಹಾಕಿಡಬೇಕು.

ಕಡಿಮೆ ದರ ಯಾರದು ಎಂಬುದು ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದ ಮಾನದಂಡದಂತೆ ತೀರ್ಮಾನವಾಗುವುದರಿಂದ, ಯಂತ್ರದ ಬೆಲೆ, ಐದು ವರ್ಷದ ಆಂಟಿಬಾಡಿ, ಕೋಶಗಳನ್ನು ಸಾಲಾಗಿ ಹರಿಸುವ ಶೀತ್ ದ್ರವ, ಬೀಡ್ಸ್ ಮತ್ತು ಲೇಸರ್ ಬದಲಿಯೂ ಸೇರಿದ ಸಿಎಂಸಿ (ಸಮಗ್ರ ನಿರ್ವಹಣಾ ಒಪ್ಪಂದ), ಇವೆಲ್ಲವನ್ನೂ ಕೂಡಿಸಿ ಎಲ್-1, ಅಂದರೆ ಅತಿ ಕಡಿಮೆ ದರದವರನ್ನು ನಿರ್ಧರಿಸಿ. ಬಿಡಿಭಾಗ ಸೇರದ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಸಾಲದು. ಕೊನೆಯ ಕಂತಿನ ಹಣವನ್ನು ಯಂತ್ರ ಇಳಿಸಿದ ದಿನವೇ ಬಿಡುಗಡೆ ಮಾಡಬೇಡಿ. ಇಬ್ಬರು ತಂತ್ರಜ್ಞರು, ಒಬ್ಬ ಪೆಥಾಲಜಿಸ್ಟ್ ತರಬೇತಿ ಮುಗಿಸಿ, ನಿಜವಾದ ರೋಗಿಗಳ ವರದಿ ಹೊರಟ ಮೇಲೆ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಹೆಮಟಾಲಜಿ ಲ್ಯಾಬಿನ ವೈದ್ಯರು ಮತ್ತು ತಂತ್ರಜ್ಞರು